ಯಾರು ಮುಂದೆ ಬಂದರು? ಸ್ಪೇನಿನವರೋ, ಪೋರ್ಚುಗೀಸರೋ?

ಪರವೂರಿಗೆ ಹೋದ ಎರಡು ಗುಂಪುಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಊರಿನಲ್ಲಿ ಉಳಿದವರಿಗೆ ಒಂದು ಚಟ. "ಇವರು ಮುಂದೆ ಬಂದರು, ಅವರು ಹೋದಲ್ಲೇ ಉಳಿದರು" ಅನ್ನುತ್ತೇವೆ. ಯಾಕೆ ಅಂತ ಕೇಳಿದರೆ "ಅದು ಅವರ ರಕ್ತದಲ್ಲೇ ಇದೆ" ಎಂದು ಮಾತು ಮುಗಿಸುತ್ತೇವೆ. ಮುಂಬಯಿಯಲ್ಲಿರುವ ನಮ್ಮನ್ನೂ ಊರಿನವರು ಹೀಗೇ ತೂಗುತ್ತಾರೆ, ನಾವು ನಾವೂ ಒಬ್ಬರನ್ನೊಬ್ಬರು ತೂಗಿಕೊಳ್ಳುತ್ತೇವೆ. ಈ ತಕ್ಕಡಿ ಎಷ್ಟು ಸರಿ ಅಂತ ನೋಡಬೇಕಾದರೆ ನಮ್ಮದಲ್ಲದ ಒಂದು ಜೋಡಿಯನ್ನು ತೆಗೆದುಕೊಳ್ಳುವುದು ಒಳ್ಳೆಯದು. ನಮ್ಮವರಾದರೆ ಪಕ್ಷಪಾತ ಬಂದೇ ಬರುತ್ತದೆ.

ಸ್ಪೇನ್ ಮತ್ತು ಪೋರ್ಚುಗಲ್ ಅಂಥ ಜೋಡಿ. ಒಂದೇ ಪರ್ಯಾಯ ದ್ವೀಪ, ಒಂದೇ ಧರ್ಮ, ಅಕ್ಕತಂಗಿಯರಂಥ ಎರಡು ಭಾಷೆ. ಪೋರ್ಚುಗೀಸರು ಅಂದರೆ ನಮಗೆ ನೆನಪಾಗುವುದು ಗೋವೆ, ಫಿರಂಗಿ, ಉಳ್ಳಾಲದ ರಾಣಿ ಅಬ್ಬಕ್ಕನ ಹೋರಾಟ. ಆದರೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಡಗು ಹತ್ತಿದ ಪೋರ್ಚುಗೀಸರು ರಾಜ್ಯ ಗೆಲ್ಲಲು ಹೊರಟವರಲ್ಲ, ಹೊಟ್ಟೆಪಾಡಿಗೆ ಹೊರಟವರು. ಮದೀರಾ ದ್ವೀಪದ ದ್ರಾಕ್ಷಿ ತೋಟಗಳಿಗೆ 1850ರ ದಶಕದಲ್ಲೊಮ್ಮೆ, 1870ರ ದಶಕದಲ್ಲಿ ಮತ್ತೊಮ್ಮೆ ರೋಗ ಬಡಿದಿತ್ತು. ಅಜೋರ್ಸ್ ದ್ವೀಪಗಳ ಕಿತ್ತಳೆ ವ್ಯಾಪಾರವೂ ಕೆಟ್ಟಿತ್ತು. ಸ್ಪೇನಿನ ಸ್ಥಿತಿಯೂ ಇಷ್ಟೇ. ವಾಯವ್ಯದ ಗಲೀಸಿಯಾದಲ್ಲಿ ಭೂಮಿ ಪಾಲಾಗಿ ಪಾಲಾಗಿ ಅಂಗೈಯಗಲ ಉಳಿದಿತ್ತು. ದಕ್ಷಿಣದ ಅಂದಲೂಸಿಯಾದಲ್ಲಿ ಭೂಮಿಯೆಲ್ಲ ದೊಡ್ಡ ಧಣಿಗಳದು, ಉಳಿದವರು ದಿನಗೂಲಿಯವರು. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ: 1900ರ ಸುಮಾರಿಗೆ ಪೋರ್ಚುಗಲ್‌ನಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಓದುಬರಹ ಗೊತ್ತಿರಲಿಲ್ಲ. ಸ್ಪೇನಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಅನಕ್ಷರಸ್ಥರೇ, ಆದರೂ ಸ್ಥಿತಿ ಸ್ವಲ್ಪ ಮೇಲು.

ಇಬ್ಬರೂ ಒಂದೇ ಕೆಲಸಕ್ಕೆ ಒಂದೇ ಜಾಗಕ್ಕೆ ಹೋದದ್ದು ಎಲ್ಲಾದರೂ ಉಂಟೆ? ಉಂಟು, ಹವಾಯಿಯಲ್ಲಿ. 1876ರಲ್ಲಿ ಅಮೆರಿಕದ ಜೊತೆಗಿನ ಒಪ್ಪಂದ ಜಾರಿಗೆ ಬಂದು ಹವಾಯಿಯ ಸಕ್ಕರೆಗೆ ಅಲ್ಲಿ ಸುಂಕವಿಲ್ಲದ ಮಾರುಕಟ್ಟೆ ಸಿಕ್ಕಿತು. ಕಬ್ಬಿನ ತೋಟಗಳಿಗೆ ಕೈಗಳು ಬೇಕಾದವು. 1878ರ ಸೆಪ್ಟೆಂಬರಿನಲ್ಲಿ 'ಪ್ರಿಸಿಲ್ಲಾ' ಎಂಬ ಹಡಗು ಮದೀರಾದಿಂದ ನೂರಕ್ಕೂ ಹೆಚ್ಚು ಜನರನ್ನು ಹೊನಲೂಲುವಿಗೆ ತಂದಿಳಿಸಿತು. ಮರುವರ್ಷ ಬಂದ 'ರೇವನ್ಸ್‌ಕ್ರಾಗ್' ಹಡಗಿನಲ್ಲಿ ಮೂವರು ಬಡಗಿಗಳಿದ್ದರು. ಅವರು ತಮ್ಮೂರಿನ ಪುಟ್ಟ ತಂತಿವಾದ್ಯವನ್ನು ಅಲ್ಲಿನ ಮರದಲ್ಲಿ ಮಾಡತೊಡಗಿದರು. ಅದೇ ಮುಂದೆ ಲೋಕಪ್ರಸಿದ್ಧವಾದ ಉಕುಲೇಲೆ. ಸ್ಪೇನಿನವರು ಬಂದದ್ದು ಸುಮಾರು ಮೂವತ್ತು ವರ್ಷ ತಡವಾಗಿ. 1907ರಲ್ಲಿ 'ಹೀಲಿಯೊಪೊಲಿಸ್' ಹಡಗು ಮಾಲಗಾ ಬಂದರಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಮ್ಮೆಲೇ ತಂದಿತು. 1913ರ ಹೊತ್ತಿಗೆ ಒಟ್ಟು ಸುಮಾರು ಎಂಟು ಸಾವಿರ ಸ್ಪೇನಿನವರು ಅಲ್ಲಿಗೆ ತಲುಪಿದ್ದರು.

ಆಮೇಲೆ ನೋಡಿ. 1930ರ ಜನಗಣತಿಯಲ್ಲಿ ಹವಾಯಿಯ ಪೋರ್ಚುಗೀಸರು ಸುಮಾರು 27 ಸಾವಿರ. ಸ್ಪೇನಿನವರು ಬರೀ 1,200 ಚಿಲ್ಲರೆ! ಉಳಿದವರೆಲ್ಲ ಎಲ್ಲಿ ಹೋದರು? ಹೆಚ್ಚಿನವರು ಕ್ಯಾಲಿಫೋರ್ನಿಯಾಕ್ಕೆ ಹೋದರು, ಅಲ್ಲಿನ ಹಣ್ಣಿನ ತೋಟಗಳಿಗೆ, ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿಗೆ. ಸ್ಪೇನಿನವರಿಗೆ ಚುರುಕುತನ ಜಾಸ್ತಿ ಅಂತ ಇದರಿಂದ ತೀರ್ಮಾನಿಸಬಹುದೆ? ಕೂಡದು. ಪೋರ್ಚುಗೀಸರು ಬಂದಾಗ ಹವಾಯಿ ಇನ್ನೂ ರಾಜರ ಆಳ್ವಿಕೆಯಲ್ಲಿತ್ತು. ಮೂರು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿದವರು ನಡುವೆ ಬಿಟ್ಟುಹೋದರೆ ಕಾನೂನು ಹಿಡಿದು ತರುತ್ತಿತ್ತು. 1898ರಲ್ಲಿ ಅಮೆರಿಕ ಹವಾಯಿಯನ್ನು ಸೇರಿಸಿಕೊಂಡಿತು, 1900ರ ಕಾಯಿದೆಯಿಂದ ಅಂಥ ಕರಾರುಗಳು ರದ್ದಾದವು. ಹಾಗಾಗಿ 1907ರ ಸ್ಪೇನಿನವನಿಗೆ ಕಾಲಿಗೆ ಹಗ್ಗವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂಲಿ ಹೆಚ್ಚು ಅಂತ ಕೇಳಿದ, ಹಡಗು ಹತ್ತಿದ. ಹಗ್ಗ ಬಿಚ್ಚಿದ ಮೇಲೆ ಪೋರ್ಚುಗೀಸರೂ ಅನೇಕರು ಅದೇ ದಾರಿ ಹಿಡಿದರು. ಆದರೆ ಅಷ್ಟರಲ್ಲಿ ಹಲವರಿಗೆ ಅಲ್ಲೇ ಬೇರು ಇಳಿದಿತ್ತು: ಹೊನಲೂಲುವಿನ ಪಂಚ್‌ಬೌಲ್ ಗುಡ್ಡದ ಇಳಿಜಾರಿನಲ್ಲಿ ಮನೆ, ಬ್ರೆಡ್ಡಿಗೊಂದು ಕಲ್ಲಿನ ಒಲೆ, ತೋಟದಲ್ಲಿ ಮೇಸ್ತ್ರಿ ಕೆಲಸ.

ಈ ಮೇಸ್ತ್ರಿ ಕೆಲಸ ಪೋರ್ಚುಗೀಸರಿಗೆ ಎರಡಲಗಿನ ಕತ್ತಿಯಾಯಿತು. ಅಲ್ಲಿನ ಭಾಷೆಯಲ್ಲಿ ಅವನಿಗೆ 'ಲೂನಾ' ಅಂತ ಹೆಸರು. ಮೇಲಿದ್ದ ಧಣಿಗಳು ಅವನನ್ನು ತಮ್ಮವನು ಅಂತ ಒಪ್ಪಲಿಲ್ಲ, ಕೆಳಗಿದ್ದ ಜಪಾನಿ, ಚೀನೀ ಕೂಲಿಗಳಿಗೆ ಅವನು ಕುದುರೆ ಮೇಲೆ ಕೂತ ಧಣಿಯ ಬಂಟ. 1930ರವರೆಗೂ ಹವಾಯಿಯ ಜನಗಣತಿಯಲ್ಲಿ ಪೋರ್ಚುಗೀಸರಿಗೆ ಒಂದು ಕಾಲಂ, ಸ್ಪೇನಿನವರಿಗೆ ಒಂದು ಕಾಲಂ, 'ಇತರ ಬಿಳಿಯರು' ಎಂದು ಇನ್ನೊಂದು ಕಾಲಂ. ಯುರೋಪಿನಿಂದ ಬಂದರೂ ಅಲ್ಲಿನ ಪಂಕ್ತಿಯಲ್ಲಿ ಎಲೆ ಬೇರೆ!

ಅಮೆರಿಕದ ಪೂರ್ವ ತೀರಕ್ಕೆ ಬರೋಣ. ಅಜೋರ್ಸ್‌ನವರು ಅಲ್ಲಿಗೆ ಮೊದಲು ಬಂದದ್ದು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ. ಆ ಬೇಟೆ ಇಳಿದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್, ಫಾಲ್ ರಿವರ್ ಪಟ್ಟಣಗಳ ಹತ್ತಿ ಗಿರಣಿಗಳು ಅವರನ್ನು ಸೆಳೆದುಕೊಂಡವು. ಅಪ್ಪ, ಅಮ್ಮ, ಹದಿನಾಲ್ಕು ತುಂಬಿದ ಮಕ್ಕಳು, ಎಲ್ಲರೂ ಗಿರಣಿಗೆ. ಎಲ್ಲರ ಸಂಬಳವೂ ಒಂದೇ ಗಂಟಿಗೆ. ಆ ಗಂಟಿನಿಂದ ಮೊದಲು ಕೊಳ್ಳುತ್ತಿದ್ದದ್ದು ಮನೆ. ಆ ಕಡೆ ಮೂರು ಅಂತಸ್ತಿನ ಮರದ ಮನೆಗಳು ಸಾಮಾನ್ಯ. ಒಂದು ಅಂತಸ್ತಿನಲ್ಲಿ ತಾವಿದ್ದು, ಎರಡನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯಿಂದ ಸಾಲ ತೀರಿಸುವುದು ಅವರ ಲೆಕ್ಕ. ದ್ವೀಪದಲ್ಲಿ ಇನ್ನೊಬ್ಬರ ಭೂಮಿಗೆ ಗೇಣಿ ಕೊಟ್ಟು ಸೋತವನಿಗೆ ಸ್ವಂತ ಸೂರು ಅಂದರೆ ಬರೀ ಆಸ್ತಿಯಲ್ಲ, ಮಾನ. ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲೂ ಇದೇ ಕಥೆ, ವಸ್ತು ಮಾತ್ರ ಬೇರೆ. ಅಲ್ಲಿ ಹಾಲು ಕರೆಯುವ ಕೂಲಿಯಾಗಿ ಸೇರಿದವನು ಮೊದಲು ಕೆಲವು ಹಸು ಕೊಂಡ, ಆಮೇಲೆ ಜಾಗ ಗೇಣಿಗೆ ಹಿಡಿದ, ಕೊನೆಗೆ ಭೂಮಿ ಕೊಂಡ. ಆ ರಾಜ್ಯದ ಹೈನುಗಾರಿಕೆಯಲ್ಲಿ ಅಜೋರ್ಸ್ ಮೂಲದವರ ಪಾಲು ಬಹಳ ದೊಡ್ಡದು.

ಇದಕ್ಕೆ ತೆತ್ತ ಬೆಲೆ ಏನು? ಶಾಲೆ. ಹದಿನಾಲ್ಕಕ್ಕೆ ಗಿರಣಿ ಸೇರಿದ ಹುಡುಗಿ ಮತ್ತೆ ಪುಸ್ತಕ ಹಿಡಿಯಲಿಲ್ಲ. ಮನೆಯೇನೋ ಆಯಿತು. 1920ರ ದಶಕದಲ್ಲಿ ಗಿರಣಿಗಳು ಕೂಲಿ ಅಗ್ಗವಿದ್ದ ದಕ್ಷಿಣ ರಾಜ್ಯಗಳತ್ತ ಸರಿಯತೊಡಗಿದಾಗ ಕೈಯಲ್ಲಿ ಬೇರೆ ವಿದ್ಯೆ ಇರಲಿಲ್ಲ. 1928ರಲ್ಲಿ ಸಂಬಳ ಕಡಿತದ ವಿರುದ್ಧ ನ್ಯೂ ಬೆಡ್‌ಫರ್ಡ್‌ನಲ್ಲಿ ತಿಂಗಳುಗಟ್ಟಲೆ ನಡೆದ ಮುಷ್ಕರದಲ್ಲಿ ಪೋರ್ಚುಗೀಸರೇ ಮುಂಚೂಣಿಯಲ್ಲಿದ್ದರು. ಆಮೇಲೂ ಅಲ್ಲಿನ ಪೋರ್ಚುಗೀಸ್ ಮನೆತನಗಳ ವಿಷಯದಲ್ಲಿ ಒಂದು ವಿಚಿತ್ರ ಉಳಿದುಬಂತು: ಸ್ವಂತ ಮನೆ ಇರುವವರ ಲೆಕ್ಕದಲ್ಲಿ ಮುಂದೆ, ಕಾಲೇಜು ಓದಿದವರ ಲೆಕ್ಕದಲ್ಲಿ ಹಿಂದೆ. ಇವರನ್ನು ಬಡವರು ಅನ್ನೋಣವೇ, ಸ್ಥಿತಿವಂತರು ಅನ್ನೋಣವೇ?

ಸ್ಪೇನಿನವರ ಗಂಟು ಬೇರೆ ಕಡೆ ಬಿಚ್ಚಿಕೊಂಡಿತು. 1886ರಿಂದ ಫ್ಲಾರಿಡಾದ ಟ್ಯಾಂಪಾದಲ್ಲಿ ಚುಟ್ಟಾ ಕಾರ್ಖಾನೆಗಳ ಸುತ್ತ ಈಬೋರ್ ಸಿಟಿ ಎಂಬ ಪೇಟೆ ಬೆಳೆಯಿತು. ಅಲ್ಲಿ ಕ್ಯೂಬಾದವರು, ಇಟಲಿಯವರ ಜೊತೆ ಸ್ಪೇನಿನ ಅಸ್ತೂರಿಯಾಸ್ ಮತ್ತು ಗಲೀಸಿಯಾದವರಿದ್ದರು. ಒಳ್ಳೆಯ ಚುಟ್ಟಾ ಸುತ್ತುವುದು ಕಸುಬುದಾರಿಕೆ, ಕೂಲಿಯೂ ಅದಕ್ಕೆ ತಕ್ಕಂತೆ. ಕೆಲಸ ಮಾಡುತ್ತಿರುವಾಗ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳಲು ಕೆಲಸಗಾರರೇ ತಮ್ಮ ಕೈಯಿಂದ ದುಡ್ಡು ಹಾಕಿ ಒಬ್ಬ ಓದುಗನನ್ನು ಇಟ್ಟುಕೊಂಡಿದ್ದರು. 1931ರಲ್ಲಿ ಮಾಲೀಕರು ಅದನ್ನು ನಿಲ್ಲಿಸುವವರೆಗೂ ಆ ಪದ್ಧತಿ ನಡೆಯಿತು. 1891ರಲ್ಲಿ ಸೆಂತ್ರೊ ಎಸ್ಪಾನ್ಯೋಲ್, 1902ರಲ್ಲಿ ಸೆಂತ್ರೊ ಅಸ್ತೂರಿಯಾನೊ ಎಂಬ ಸಂಘಗಳು ಹುಟ್ಟಿದವು. ತಿಂಗಳ ವಂತಿಗೆ ಕಟ್ಟಿದರೆ ವೈದ್ಯರು, ಔಷಧಿ, ಆಸ್ಪತ್ರೆ, ಕೊನೆಗೆ ಮಣ್ಣಿಗೊಂದು ಜಾಗ. ಹಾಗಂತ ಪೋರ್ಚುಗೀಸರಲ್ಲಿ ಇಂಥದ್ದು ಇರಲಿಲ್ಲ ಅಂತ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1880ರಷ್ಟು ಹಿಂದೆಯೇ ಅವರ ಪರಸ್ಪರ ಸಹಾಯ ಸಂಘ ಹುಟ್ಟಿತ್ತು.

ಇನ್ನು ಬ್ಯೂನಸ್ ಐರಿಸ್. ಅರ್ಜೆಂಟೀನಾಕ್ಕೆ ಗಲೀಸಿಯಾದಿಂದ ಎಷ್ಟು ಜನ ಹೋದರೆಂದರೆ ಅಲ್ಲಿ ಸ್ಪೇನಿನ ಯಾರೇ ಬಂದರೂ 'ಗಾಯೇಗೊ', ಅಂದರೆ ಗಲೀಸಿಯಾದವ. ನಮ್ಮ ಕಡೆಯ ಯಾರೇ ಹೋಗಲಿ ಮುಂಬಯಿಯಲ್ಲಿ 'ಮದ್ರಾಸಿ' ಆಗುತ್ತಿದ್ದ ಹಾಗೆ. ಅವರು ಒಂದೊಂದು ಹಳ್ಳಿಯ ಹೆಸರಿನಲ್ಲಿ ಒಂದೊಂದು ಸಂಘ ಕಟ್ಟಿ, ಚಂದಾ ಎತ್ತಿ, ತಾವು ಬಿಟ್ಟುಬಂದ ಊರಿನಲ್ಲಿ ಶಾಲೆ ಕಟ್ಟಿಸಿದರು. ಅಮೆರಿಕ ಖಂಡದ ದುಡ್ಡಿನಿಂದ ಗಲೀಸಿಯಾದಲ್ಲಿ ಎದ್ದ ಇಂಥ ಶಾಲೆಗಳು ಇನ್ನೂರಕ್ಕೂ ಮಿಕ್ಕಿ. ಓದು ಬಾರದೆ ಪರದೇಶದಲ್ಲಿ ಪಟ್ಟ ಪಾಡು ಮುಂದಿನವರಿಗೆ ಬೇಡ ಅನ್ನುವುದೇ ಅದರ ಹಿಂದಿನ ಯೋಚನೆ. ಈ ದುಡ್ಡು ಬ್ಯೂನಸ್ ಐರಿಸ್‌ನ ಯಾವ ಬ್ಯಾಂಕಿನ ಲೆಕ್ಕದಲ್ಲೂ ಕಾಣುವುದಿಲ್ಲ. ಮುಂಬಯಿಯ ಹೋಟೆಲಿನ ಗಲ್ಲೆಯಿಂದ ದಕ್ಷಿಣ ಕನ್ನಡದ ದೇವಸ್ಥಾನಕ್ಕೆ, ಶಾಲೆಗೆ ಹೋದ ದುಡ್ಡೂ ಮುಂಬಯಿ ಕನ್ನಡಿಗನ ಆದಾಯದ ಪಟ್ಟಿಯಲ್ಲಿ ಕಾಣುವುದಿಲ್ಲ, ಅಲ್ಲವೆ?

ಇಷ್ಟು ಓದಿ ಸ್ಪೇನಿನವರೇ ಮೇಲು ಅಂತ ತೀರ್ಮಾನಿಸುವ ಮುನ್ನ ಬ್ರೆಜಿಲ್ ನೋಡಿ. ಅಲ್ಲಿ ಲೆಕ್ಕ ತಿರುಗುಮುರುಗು. ಆಡುವ ಭಾಷೆ ಪೋರ್ಚುಗೀಸರದೇ, ಪೇಟೆಯ ವ್ಯಾಪಾರವೂ ಬಹುಮಟ್ಟಿಗೆ ಅವರ ಕೈಯಲ್ಲೇ. 1890ರಲ್ಲಿ ರಿಯೊ ಡಿ ಜನೈರೊ ನಗರದ ಐವರಲ್ಲಿ ಒಬ್ಬರು ಪೋರ್ಚುಗೀಸರು. ಉತ್ತರ ಪೋರ್ಚುಗಲ್‌ನ ಮೀನ್ಯು ಕಡೆಯ ಹಳ್ಳಿಗಳಿಂದ ಹನ್ನೆರಡು ಹದಿಮೂರರ ಹುಡುಗರನ್ನು ರಿಯೊದ ಮಾವನ ಅಂಗಡಿಗೆ ಕಳಿಸುತ್ತಿದ್ದರು. ಹುಡುಗ ಅಂಗಡಿಯಲ್ಲೇ ಮಲಗಿ, ಗುಡಿಸಿ, ತೂಗಿ, ಕೊನೆಗೊಮ್ಮೆ ಪಾಲುದಾರನಾಗುತ್ತಿದ್ದ. ಉಡುಪಿ ಕಡೆಯಿಂದ ಮುಂಬಯಿ ಹೋಟೆಲಿಗೆ ಬಂದ ಮಾಣಿಗಳ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1837ರಲ್ಲೇ ರಿಯೊದ ಪೋರ್ಚುಗೀಸರು ಒಂದು ವಾಚನಾಲಯ ಕಟ್ಟಿದರು, ಅದು ಇಂದಿಗೂ ಇದೆ. ಅದೇ ಬ್ರೆಜಿಲ್‌ಗೆ ಬಂದ ಸ್ಪೇನಿನವರಲ್ಲಿ ಬಹಳ ಮಂದಿ ಸರಕಾರ ಹಡಗಿನ ಖರ್ಚು ಕೊಟ್ಟು ಕರೆಸಿಕೊಂಡವರು. ಅವರು ನೇರ ಸಾವೊ ಪೌಲೊ ರಾಜ್ಯದ ಕಾಫಿ ತೋಟಗಳಿಗೆ ಹೋದರು. ಅವರ ಪಾಡು ನೋಡಲಾರದೆ 1910ರಲ್ಲಿ ಸ್ಪೇನ್ ಸರಕಾರವೇ ಇಂಥ ಪುಕ್ಕಟೆ ಪಯಣವನ್ನು ನಿಷೇಧಿಸಬೇಕಾಯಿತು. ಅದೇ ರಕ್ತ, ಅದೇ ಜನ. ಒಂದು ದೇಶದಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಹಾಗಾದರೆ ರಕ್ತದ ಮಾತು ಎಲ್ಲಿ ನಿಂತಿತು?

ಇನ್ನೊಂದು ತೊಡಕು ಎಣಿಕೆಯದು. ಅಮೆರಿಕದಲ್ಲಿ 1980ರ ಜನಗಣತಿಯಿಂದ 'ಹಿಸ್ಪಾನಿಕ್' ಎಂಬ ವರ್ಗವನ್ನು ಎಲ್ಲರಿಗೂ ಕೇಳತೊಡಗಿದರು. ಸ್ಪೇನಿನವರು ಅದರೊಳಗೆ ಬಂದರು, ಪೋರ್ಚುಗೀಸರು ಹೊರಗುಳಿದರು. ಹಾಗಿದ್ದೂ ಹೆದ್ದಾರಿ ಮುಂತಾದ ಗುತ್ತಿಗೆಗಳಲ್ಲಿ ಅವಕಾಶ ವಂಚಿತರಿಗೆ ಪಾಲು ಕೊಡುವ ಕೇಂದ್ರ ಸಾರಿಗೆ ಇಲಾಖೆಯ ನಿಯಮ ದಶಕಗಳ ಕಾಲ ಪೋರ್ಚುಗೀಸ್ ಮೂಲದವರನ್ನೂ ಹಿಸ್ಪಾನಿಕ್ ಎಂದೇ ಲೆಕ್ಕ ಹಿಡಿದಿತ್ತು. ಒಂದೇ ಸರಕಾರ, ಎರಡು ಕಿಟಕಿ! ಇದರ ಮೇಲೆ 'ಸ್ಪೇನ್ ಮೂಲ' ಅಂತ ಬರೆಸುವವರಲ್ಲೂ ಏಕರೂಪವಿಲ್ಲ. ನ್ಯೂ ಮೆಕ್ಸಿಕೋದಲ್ಲಿ ನಾಲ್ಕು ನೂರು ವರ್ಷದಿಂದ ಇದ್ದಲ್ಲೇ ಇರುವ ಮನೆತನಗಳು, ಚುಟ್ಟಾ ಸುತ್ತಿದವರ ಮೊಮ್ಮಕ್ಕಳು, ಇತ್ತೀಚೆಗೆ ಪದವಿ ಹಿಡಿದು ಬಂದ ವೈದ್ಯರು, ಎಂಜಿನಿಯರುಗಳು, ಎಲ್ಲ ಒಂದೇ ಸಾಲಿನಲ್ಲಿ. ಪೋರ್ಚುಗೀಸರ ಸಾಲಿಗೆ 1957ರಲ್ಲಿ ಫಯಾಲ್ ದ್ವೀಪದ ಜ್ವಾಲಾಮುಖಿ ಸಿಡಿದ ಮೇಲೆ ವಿಶೇಷ ಕಾನೂನಿನಡಿ ಬಂದವರೂ, 1965ರ ಹೊಸ ವಲಸೆ ಕಾಯಿದೆಯ ಮೇಲೆ ಬಂದ ಅವರ ನಂಟರಿಷ್ಟರೂ ಸೇರುತ್ತಾರೆ. ಈ ಎರಡು ಸಾಲುಗಳ ಸರಾಸರಿ ಆದಾಯವನ್ನು ಹೋಲಿಸುವುದೆಂದರೆ ಅಜ್ಜನ ವಯಸ್ಸನ್ನೂ ಮೊಮ್ಮಗನ ವಯಸ್ಸನ್ನೂ ಕೂಡಿಸಿ ಎರಡರಿಂದ ಭಾಗಿಸಿದ ಹಾಗೆ.

ನಮ್ಮಲ್ಲೂ ಇದೇ ಪಾಡು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಕನ್ನಡ ಮಾತೃಭಾಷಿಕರು ಸುಮಾರು 10 ಲಕ್ಷ. ಅದರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಲ್ಲಿ ತಲೆತಲಾಂತರದಿಂದ ಇರುವವರಿದ್ದಾರೆ. ಅವರು ಎಲ್ಲಿಗೂ ವಲಸೆ ಹೋದವರಲ್ಲ, ರಾಜ್ಯದ ಗಡಿಯೇ ಅವರನ್ನು ದಾಟಿಕೊಂಡು ಹೋದದ್ದು. ಅವರೊಡನೆ ಮುಂಬಯಿಯ ಹೋಟೆಲಿನವರು, ಬ್ಯಾಂಕಿನವರು, ಪುಣೆಯ ಸಾಫ್ಟ್‌ವೇರಿನವರು ಸೇರಿದ್ದಾರೆ. ಮನೆಮಾತು ಮರಾಠಿಯೋ ಹಿಂದಿಯೋ ಆಗಿಬಿಟ್ಟ ನಮ್ಮ ಮಕ್ಕಳು ಆ ಲೆಕ್ಕದಲ್ಲಿ ಸಿಗುವುದೇ ಇಲ್ಲ. "ಮಹಾರಾಷ್ಟ್ರದ ಕನ್ನಡಿಗರ ಸ್ಥಿತಿ ಹೇಗಿದೆ?" ಅಂತ ಕೇಳಿದರೆ ಒಂದೇ ಉತ್ತರ ಕೊಡುವುದು ಹೇಗೆ?

ಹಾಗಾದರೆ ಹೋಲಿಸಲೇಬಾರದೇ? ಹೋಲಿಸಬೇಕು, ಆದರೆ ಪ್ರಶ್ನೆ ಬದಲಾಗಬೇಕು. ಯಾವ ವರ್ಷ ಹೋದರು? ಕೈಕಾಲು ಕಟ್ಟಿಸಿಕೊಂಡು ಹೋದರೋ, ಬಿಡುಬೀಸಾಗಿ ಹೋದರೋ? ಹೋದಲ್ಲಿ ಮಾವನ ಅಂಗಡಿ ಇತ್ತೋ, ಅಪರಿಚಿತನ ತೋಟವಿತ್ತೋ? ಮೊದಲ ಉಳಿತಾಯ ಮನೆಗೆ ಹೋಯಿತೋ, ಮಕ್ಕಳ ಓದಿಗೆ ಹೋಯಿತೋ, ಊರಿಗೆ ಹೋಯಿತೋ? ಸ್ಪೇನಿನವರೂ ಪೋರ್ಚುಗೀಸರೂ ಎಲ್ಲೆಲ್ಲಿ ಬೇರೆಯಾದರೋ ಅಲ್ಲೆಲ್ಲ ಬಹುಮಟ್ಟಿಗೆ ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳೇ ಬೇರೆ.

ಇವುಗಳಲ್ಲಿ ಹೋದವರ ಕೈಯಲ್ಲಿದ್ದದ್ದು ಕೊನೆಯದು ಒಂದೇ, ಅದರಲ್ಲೂ ಮಕ್ಕಳ ಓದು. ನ್ಯೂ ಬೆಡ್‌ಫರ್ಡ್‌ನ ಗಿರಣಿ ಕುಟುಂಬ ಮನೆ ಕೊಂಡದ್ದು ತಪ್ಪಲ್ಲ. ಮಗುವಿನ ಸಂಬಳವಿಲ್ಲದೆ ಆ ಮನೆಯ ಕಂತು ಕಟ್ಟಲಾಗುತ್ತಿರಲಿಲ್ಲ ಅನ್ನುವುದು ಅದರ ದುಃಖ. ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಮುಂಬಯಿಯಲ್ಲಿ ನಮ್ಮ ಹಿರಿಯರು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಗಂಟು ಬೆಳೆಯುವಾಗಲೇ ಅಕ್ಷರವೂ ಬೆಳೆಯಲಿ ಅಂತ. ಅಲ್ಲಿ ಕಲಿತು ವಕೀಲರಾದವರು, ಲೇಖಕರಾದವರು ಇದ್ದಾರೆ. ಆ ಶಾಲೆಗಳಲ್ಲಿ ಎಷ್ಟೋ ಈಗ ಮುಚ್ಚಿವೆ. ಆದರೆ ಹೋಟೆಲುಗಳಿಗೆ ಹೊಸ ಹುಡುಗರು ಬರುವುದು ನಿಂತಿಲ್ಲ. ಈಗ ಅವರು ಬೇರೆ ರಾಜ್ಯಗಳಿಂದ ಬರುತ್ತಾರೆ, ಬೇರೆ ಭಾಷೆ ಆಡುತ್ತಾರೆ. ಗಲ್ಲೆಯ ಮೇಲೆ ಕೂತವರು ಮಾತ್ರ ನಮ್ಮವರು. ಆ ಹುಡುಗರ ಓದಿಗೆ ಏನು ವ್ಯವಸ್ಥೆ ಅಂತ ಈಗ ಕೇಳಬೇಕಾದವರು ನಾವೇ.