ಪತಿತರ ಪುನರಾಗಮನ: ಕ್ರಿ. ಶ. ಮೂರನೆಯ ಶತಮಾನದ ಕ್ರೈಸ್ತ ಧರ್ಮಸಭೆಯಲ್ಲಿ ಪಶ್ಚಾತ್ತಾಪದ ಪ್ರಶ್ನೆ

ಪಶ್ಚಾತ್ತಾಪ, ಪ್ರಾಯಶ್ಚಿತ್ತ ಎಂಬ ಎರಡು ಪದಗಳನ್ನು ನಾವು ಕನ್ನಡದಲ್ಲಿ ಬೇರೆಬೇರೆಯಾಗಿಯೇ ಬಳಸುತ್ತೇವೆ. ಮೊದಲನೆಯದು ತಪ್ಪು ಮಾಡಿದವನ ಮನಸ್ಸಿನಲ್ಲಿ ತಾನಾಗಿ ಏಳುವ ತಾಪ. ಎರಡನೆಯದು ಬಲ್ಲವರು ವಿಧಿಸಿ, ತಪ್ಪಿತಸ್ಥನು ನಡೆಸಿ ತೀರಿಸುವ ಕರ್ಮ. ಲ್ಯಾಟಿನ್ ಬಲ್ಲ ಪ್ರಾಚೀನ ಕ್ರೈಸ್ತರಿಗೆ ಈ ಅನುಕೂಲವಿರಲಿಲ್ಲ. 'ಪೇನಿಟೆನ್ಷಿಯ' ಎಂಬ ಒಂದೇ ಪದ ಅವರಲ್ಲಿ ಎರಡಕ್ಕೂ ಸಲ್ಲುತ್ತಿದ್ದಿತು. ಹೊಸ ಒಡಂಬಡಿಕೆಯ ಗ್ರೀಕಿನ 'ಮೆಟನೊಯಿಯ' ಎಂಬುದಕ್ಕೆ ಮನಸ್ಸಿನ ಬದಲಾವಣೆಯೆಂದು ಅರ್ಥ; ಅದರ ಹಿಂದಿರುವ ಹೀಬ್ರೂ ಭಾವನೆ ಹಿಂದಿರುಗುವುದು. ಕನ್ನಡ ಬೈಬಲಿನ ಭಾಷಾಂತರಕಾರರು ದೇವರ ಕಡೆಗೆ ತಿರುಗಿಕೊಳ್ಳುವುದೆಂಬ ಪ್ರಯೋಗವನ್ನು ಆರಿಸಿಕೊಂಡುದು ಉಚಿತವಾಗಿಯೇ ಇದೆ. ಆದರೆ ತಿರುಗಿ ಬಂದವನಿಗೆ ಬಾಗಿಲು ತೆರೆಯತಕ್ಕವರು ಯಾರು? ಅವನು ಹೊಸ್ತಿಲ ಹೊರಗೆ ಎಷ್ಟು ಕಾಲ ನಿಂತಿರಬೇಕು? ಕ್ರಿ. ಶ. ೨೫೦ರಲ್ಲಿ ಈ ಪ್ರಶ್ನೆ ಸಾವಿರಾರು ಜನರ ಬಾಳಿನ ಪ್ರಶ್ನೆಯಾಯಿತು.

ಅದಕ್ಕೆ ಹಿಂದೆ ಈ ವಿಷಯದಲ್ಲಿ ಒಂದು ಬಗೆಯ ಕಟ್ಟುಪಾಡು ರೂಢಿಗೆ ಬಂದಿದ್ದಿತು. ದೀಕ್ಷಾಸ್ನಾನದಿಂದ ಹಿಂದಿನ ಪಾಪಗಳೆಲ್ಲ ತೊಳೆದುಹೋಗುವುವು. ಆಮೇಲೆ ಘೋರ ಪಾಪ ಮಾಡಿದವನಿಗೆ ಇನ್ನೊಂದೇ ಒಂದು ಅವಕಾಶ. ರೋಮಿನ ಹರ್ಮಸನೂ ಕಾರ್ಥೇಜಿನ ಟೆರ್ಟುಲಿಯನನೂ ಹೇಳುವುದು ಇದನ್ನೇ. ಆ ಎರಡನೆಯ ಅವಕಾಶವೂ ಸುಲಭದ್ದಲ್ಲ. ಗೋಣಿ ಉಟ್ಟು, ಬೂದಿಯಲ್ಲಿ ಕುಳಿತು, ಉಪವಾಸವಿದ್ದು, ಸಹವಿಶ್ವಾಸಿಗಳ ಕಾಲಿಗೆ ಬಿದ್ದು ಅವರ ಪ್ರಾರ್ಥನೆಯನ್ನು ಬೇಡಬೇಕಾಗಿದ್ದಿತು. ಎಲ್ಲೋ ಒಬ್ಬಿಬ್ಬರು ತಪ್ಪಿ ನಡೆದಾಗ ಸಾಗಬಹುದಾದ ಕ್ರಮವಿದು. ಊರಿಗೆ ಊರೇ ತಪ್ಪಿದರೆ?

೨೪೯ರಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಡೀಸಿಯಸನು ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಮಾಡಿದನು. ಆ ಆಜ್ಞೆಯ ಮೂಲಪಾಠ ಉಳಿದಿಲ್ಲ. ಆದರೆ ಅದು ಜಾರಿಗೆ ಬಂದ ಬಗೆಯನ್ನು ಈಜಿಪ್ಟಿನ ಮರಳಿನಲ್ಲಿ ದೊರೆತ ನಾಲ್ವತ್ತಕ್ಕೂ ಹೆಚ್ಚು ಪಪೈರಸ್ ಪತ್ರಗಳು ತಿಳಿಸುತ್ತವೆ. ಬಲಿಯ ಮೇಲ್ವಿಚಾರಣೆಗೆಂದು ನೇಮಕವಾದ ಸ್ಥಳೀಯ ಮಂಡಲಿಗೆ ಬರೆದ ಅರ್ಜಿಗಳಿವು. ಹೆಚ್ಚಿನವು ೨೫೦ರ ಜೂನ್ ಜುಲೈ ತಿಂಗಳುಗಳವು. ತಾನು ಯಾವಾಗಲೂ ದೇವತೆಗಳನ್ನು ಪೂಜಿಸುತ್ತಿದ್ದೆನೆಂದೂ, ಈಗ ಅಧಿಕಾರಿಗಳ ಎದುರಿನಲ್ಲಿಯೇ ಬಲಿ ಕೊಟ್ಟು ನೈವೇದ್ಯದ ರುಚಿ ನೋಡಿರುವೆನೆಂದೂ ಅರ್ಜಿದಾರನು ಹೇಳಿಕೊಳ್ಳುತ್ತಾನೆ; ಕೆಳಗೆ ಅಧಿಕಾರಿಯ ರುಜು. ಇಂತಹ ಒಂದು ಪತ್ರವನ್ನು ಪಡೆದವಳು ಮೊಸಳೆದೇವತೆಯ ಪೂಜಾರಿಣಿ! ಆಜ್ಞೆಯು ಕ್ರೈಸ್ತರೊಬ್ಬರನ್ನೇ ಗುರಿಯಾಗಿರಿಸಿಕೊಂಡುದಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಆದರೂ ಅದು ಹೆಚ್ಚು ತಟ್ಟಿದುದು ಕ್ರೈಸ್ತರಿಗೇ. ರೋಮಿನ ಬಿಷಪ್ ಫೇಬಿಯನನು ೨೫೦ರ ಜನವರಿಯಲ್ಲಿಯೇ ಪ್ರಾಣ ತೆತ್ತನು. ಬಹುಮಂದಿ ಬಲಿಪೀಠಕ್ಕೆ ನಡೆದರು. ಕೆಲವರು ಧೂಪ ಮಾತ್ರ ಹಾಕಿದರು. ಇನ್ನು ಕೆಲವರು ಅಧಿಕಾರಿಗಳಿಗೆ ಹಣ ತೆತ್ತು, ಬಲಿ ಕೊಡದೆಯೇ ಕೊಟ್ಟಂತೆ ಪತ್ರ ಪಡೆದರು. ಇವರೆಲ್ಲರಿಗೂ 'ಲಾಪ್ಸಿ', ಎಂದರೆ ಪತಿತರು, ಎಂಬ ಹೆಸರು ಬಿದ್ದಿತು.

ಕಾರ್ಥೇಜಿನ ಬಿಷಪ್ ಸಿಪ್ರಿಯನನು ಆಗ ತಲೆಮರೆಸಿಕೊಂಡಿದ್ದನು. ಅಲಂಕಾರಶಾಸ್ತ್ರದ ಬೋಧಕನಾಗಿದ್ದು ಕ್ರೈಸ್ತನಾಗಿ ಕೆಲವೇ ವರ್ಷಗಳಾಗಿದ್ದ ಈತನು ಮರೆಯಲ್ಲಿದ್ದುಕೊಂಡೇ ಪತ್ರಗಳ ಮೂಲಕ ಸಭೆಯನ್ನು ನಡೆಸಿದನು. ನಮ್ಮ ತಿಳಿವಳಿಕೆಗೆ ಮುಖ್ಯ ಆಧಾರ ಆ ಪತ್ರಗಳೇ. ರೋಮಿನ ಪಾದ್ರಿಗಳು ಬರೆದ ಒಂದು ಪತ್ರದಲ್ಲಿ ಮಂದೆಯನ್ನು ಬಿಟ್ಟು ಓಡುವ ಕೂಲಿಯ ಕುರುಬನ ಪ್ರಸ್ತಾಪ ಬಂದಾಗ, ಸಿಪ್ರಿಯನನು ಆ ಪತ್ರ ನಿಜವಾಗಿಯೂ ಅವರದೇ ಹೌದೋ ಅಲ್ಲವೋ ನೋಡಿರೆಂದು ಅವರಿಗೇ ಹಿಂದಕ್ಕೆ ಕಳುಹಿಸಿದನು. ಅವನಿಗೆ ನೋವಾಗಿದ್ದಿತೆಂಬುದು ಸ್ಪಷ್ಟ. ಪತಿತರ ವಿಷಯದಲ್ಲಿ ತೀರ್ಪು ಹೇಳಬೇಕಾದವನು ತಾನೇ ಪರೀಕ್ಷೆಯಿಂದ ತಪ್ಪಿಸಿಕೊಂಡವನೆಂಬ ಅಪವಾದ ಅವನನ್ನು ಬಹುಕಾಲ ಬಿಡಲಿಲ್ಲ.

ಹೀಗಿರಲು ಸೆರೆಮನೆಯಿಂದ ಹೊಸದೊಂದು ತೊಡಕು ಹುಟ್ಟಿತು. ಹಿಂಸೆಯನ್ನು ತಾಳಿಕೊಂಡು ವಿಶ್ವಾಸವನ್ನು ಬಿಡದಿದ್ದವರಿಗೆ ದೇವರ ಸನ್ನಿಧಿಯಲ್ಲಿ ವಿಶೇಷ ಸಲುಗೆಯುಂಟೆಂಬುದು ಜನರ ನಂಬಿಕೆ. ಪತಿತರು ಅವರ ಬಳಿಗೆ ಹೋಗಿ 'ಶಾಂತಿಪತ್ರ' ಪಡೆಯತೊಡಗಿದರು. ಸಭೆ ಇವನನ್ನು ಕ್ಷಮಿಸಿ ಸೇರಿಸಿಕೊಳ್ಳಲೆಂಬ ಶಿಫಾರಸು ಅದು. ಕೆಲವು ಪತ್ರಗಳಲ್ಲಿ ಇಂತಹವನನ್ನು 'ಅವನ ಕಡೆಯವರೊಡನೆ' ಸೇರಿಸಿಕೊಳ್ಳಿರೆಂದಷ್ಟೇ ಇದ್ದಿತು. ಹೀಗಾದರೆ ಒಂದೇ ಪತ್ರ ಹಿಡಿದು ಇಪ್ಪತ್ತು ಮೂವತ್ತು ಮಂದಿ ಬಂದು ನಿಲ್ಲುವರೆಂದು ಸಿಪ್ರಿಯನನು ಆಕ್ಷೇಪಿಸಿದನು. ಲೂಸಿಯನನೆಂಬ ಬಂದಿಯಂತೂ ತನ್ನ ಸಂಗಡಿಗರೆಲ್ಲರ ಪರವಾಗಿ ಪತಿತರೆಲ್ಲರಿಗೂ ಒಮ್ಮೆಗೇ ಶಾಂತಿಯನ್ನು ದಯಪಾಲಿಸಿ, ಅದನ್ನು ಬಿಷಪನಿಗೆ ತಿಳಿಸಿದನು! ಹೀಗೆ, ಚಕ್ರವರ್ತಿಯ ಪತ್ರದಿಂದ ಕೆಟ್ಟವರನ್ನು ಇನ್ನೊಂದು ಪತ್ರದಿಂದ ಸರಿಪಡಿಸುವ ವಿಚಿತ್ರ ಸನ್ನಿವೇಶ ಒದಗಿತು. ಇದರಲ್ಲಿ ಅಧಿಕಾರದ ಜಗಳವನ್ನು ಮಾತ್ರ ಕಾಣುವ ಇತಿಹಾಸಕಾರರುಂಟು. ನಮಗೆ ಹಾಗೆ ತೋರುವುದಿಲ್ಲ. ಇತರರ ಪುಣ್ಯವು ಪಾಪಿಯ ಸ್ವಂತ ಪರಿತಾಪಕ್ಕೆ ಬದಲಿಯಾಗಬಹುದೆ ಎಂಬುದೂ ಅಲ್ಲಿ ವಿವಾದದ ವಿಷಯವೇ ಆಗಿದ್ದಿತು.

೨೫೧ರ ಈಸ್ಟರ್ ಕಳೆದ ಮೇಲೆ ಸಿಪ್ರಿಯನನು ಊರಿಗೆ ಮರಳಿ, ಬಿಷಪರ ಪರಿಷತ್ತನ್ನು ಕೂಡಿಸಿದನು. ಹಣ ಕೊಟ್ಟು ಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದೆಂದೂ, ಬಲಿಯರ್ಪಿಸಿದವರು ಬಾಳೆಲ್ಲ ಪ್ರಾಯಶ್ಚಿತ್ತದಲ್ಲಿದ್ದು ಮರಣಕಾಲದಲ್ಲಿ ಮಾತ್ರ ಪ್ರಸಾದ ಪಡೆಯತಕ್ಕದ್ದೆಂದೂ ತೀರ್ಮಾನವಾಯಿತು. ಆಂಟೋನಿಯನನೆಂಬ ಬಿಷಪನಿಗೆ ಬರೆದ ದೀರ್ಘ ಪತ್ರದಲ್ಲಿ ಸಿಪ್ರಿಯನನು ಈ ನಿರ್ಣಯವನ್ನು ಸಮರ್ಥಿಸುವ ರೀತಿ ಗಮನಾರ್ಹವಾಗಿದೆ. ಕರೆ ಬರುವ ಮೊದಲೇ ಬಲಿಪೀಠಕ್ಕೆ ಓಡಿದವನನ್ನೂ, ಬಹಳ ಹೆಣಗಾಡಿ ಕೊನೆಗೆ ಸೋತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆ? ಮನೆಮಂದಿಯನ್ನೆಲ್ಲ ಎಳೆದುಕೊಂಡು ಹೋದವನೂ, ತಾನೊಬ್ಬನೇ ಹೋಗಿ ಬಲಿ ಕೊಟ್ಟು ಹೆಂಡತಿಮಕ್ಕಳನ್ನು ಕಾಪಾಡಿದವನೂ ಸಮಾನರೆ? ಪಾಪವನ್ನು ಅದರ ಹೆಸರಿನಿಂದಲ್ಲದೆ ಅದು ನಡೆದ ಸಂದರ್ಭದಿಂದ ಅಳೆಯುವ ಈ ವಿವೇಚನೆ, ನಮ್ಮ ಅಭಿಪ್ರಾಯದಲ್ಲಿ, ಆ ವಿವಾದವೆಲ್ಲದರ ಅತ್ಯುತ್ತಮ ಫಲ.

ಮರಣಕಾಲದ ಈ ರಿಯಾಯಿತಿ ಕಾರ್ಥೇಜಿನದು ಮಾತ್ರವಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಡಯನೀಸಿಯಸನು ಬರೆದು, ಯೂಸೀಬಿಯಸನ ಇತಿಹಾಸದಲ್ಲಿ ಉಳಿದುಬಂದಿರುವ ಸೆರಾಪಿಯನನ ವೃತ್ತಾಂತ ಪ್ರಸಿದ್ಧವಾದುದು. ಬಹುಕಾಲ ನಿರ್ದೋಷಿಯಾಗಿ ಬಾಳಿ ಹಿಂಸೆಯ ಕಾಲದಲ್ಲಿ ಬಲಿಯರ್ಪಿಸಿದ ಈ ಮುದುಕನು ಎಷ್ಟು ಬೇಡಿಕೊಂಡರೂ ಯಾರೂ ಅವನ ಕಡೆ ಲಕ್ಷ್ಯ ಕೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ ಮಲಗಿದ್ದವನು ನಾಲ್ಕನೆಯ ದಿನ ಎಚ್ಚೆತ್ತು, ಮಗಳ ಮಗನನ್ನು ಪಾದ್ರಿಯ ಬಳಿಗೆ ಅಟ್ಟಿದನು. ರಾತ್ರಿಯ ಹೊತ್ತು, ಪಾದ್ರಿಗೂ ಮೈಯಲ್ಲಿ ಹುಷಾರಿರಲಿಲ್ಲ. ಆತನು ಪ್ರಸಾದದ ಒಂದು ತುಣುಕನ್ನು ಹುಡುಗನ ಕೈಗೇ ಕೊಟ್ಟು, ನೆನೆಸಿ ಅಜ್ಜನ ಬಾಯಿಗೆ ಹಿಂಡುವಂತೆ ಹೇಳಿ ಕಳುಹಿಸಿದನು. ಅದನ್ನು ನುಂಗಿದೊಡನೆಯೇ ಮುದುಕನು ಪ್ರಾಣಬಿಟ್ಟನು.

ರೋಮಿನಲ್ಲಿ ವಿವಾದ ಬೇರೊಂದು ದಾರಿ ಹಿಡಿಯಿತು. ೨೫೧ರಲ್ಲಿ ಕಾರ್ನೀಲಿಯಸನು ಬಿಷಪನಾಗಿ ಆಯ್ಕೆಯಾದಾಗ, ವಿದ್ವಾಂಸನಾದ ನೊವಾಷಿಯನನು ಎದುರು ಬಿಷಪನಾಗಿ ನಿಂತನು. ದೇವರನ್ನು ನಿರಾಕರಿಸಿದವನು ಪಶ್ಚಾತ್ತಾಪ ಪಡಲಿ, ಆದರೆ ಅವನನ್ನು ಕ್ಷಮಿಸುವುದು ದೇವರಿಗೆ ಸೇರಿದ್ದು, ಸಭೆಗಲ್ಲ ಎಂಬುದು ಅವನ ಪಂಥದ ನಿಲುವಾಯಿತು. ಈತನ ವಿಷಯದಲ್ಲಿ ಕಾರ್ನೀಲಿಯಸನು ಬರೆದಿರುವ ಪತ್ರ ಬರಿಯ ಬೈಗುಳ. ಅದನ್ನು ಇತಿಹಾಸವೆಂದು ಒಪ್ಪಲಾಗದು. ಬಿಷಪನಿಲ್ಲದ ದಿನಗಳಲ್ಲಿ ರೋಮಿನ ಪಾದ್ರಿಗಳ ಪರವಾಗಿ, ಮರಣೋನ್ಮುಖರಾದ ಪತಿತರಿಗೆ ನೆರವಾಗಬೇಕೆಂಬ ಸೌಮ್ಯವಾದ ಪತ್ರವನ್ನು ಬರೆದವನು ಇದೇ ನೊವಾಷಿಯನನೆಂಬುದನ್ನು ಮರೆಯಬಾರದು.

ಅಷ್ಟರಲ್ಲಿ ಡೀಸಿಯಸನು ೨೫೧ರಲ್ಲಿ ಗಾಥರೊಡನೆ ಯುದ್ಧದಲ್ಲಿ ಮಡಿದಿದ್ದನು. ಗ್ಯಾಲಸನ ಆಳ್ವಿಕೆಯಲ್ಲಿ ಹಿಂಸೆ ಮತ್ತೆ ಮೊದಲಾಗುವ ಸೂಚನೆ ಕಂಡಿತು. ಆಗ, ೨೫೨ರಲ್ಲಿ (ಕೆಲವರ ಗಣನೆಯಂತೆ ೨೫೩ರಲ್ಲಿ), ೪೨ ಮಂದಿ ಬಿಷಪರು ತಮ್ಮ ಹಿಂದಿನ ನಿರ್ಣಯವನ್ನು ಸಡಿಲಿಸಿ, ಪ್ರಾಯಶ್ಚಿತ್ತದಲ್ಲಿ ನಿಂತಿದ್ದ ಪತಿತರೆಲ್ಲರನ್ನೂ ಸೇರಿಸಿಕೊಂಡರು. ಹೋರಾಟಕ್ಕೆ ಹೋಗೆಂದು ಹುರಿದುಂಬಿಸುವವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಅವರ ಸಮಾಧಾನ. ಬಾಳೆಲ್ಲ ಎಂದು ವಿಧಿಸಿದ್ದ ಅವಧಿ ಒಂದೆರಡು ವರ್ಷಗಳಲ್ಲಿ ಮುಗಿಯಿತು. ಸಿದ್ಧಾಂತದಲ್ಲಿ ಹೊಸದೇನೂ ಕಂಡುಹಿಡಿಯಲ್ಪಟ್ಟಿರಲಿಲ್ಲ. ಪರಿಸ್ಥಿತಿ ಬದಲಾಗಿದ್ದಿತು, ಅಷ್ಟೆ. ಸಿಪ್ರಿಯನನು ಸ್ವತಃ ೨೫೮ರ ಸೆಪ್ಟೆಂಬರ್ ೧೪ರಂದು, ವ್ಯಾಲೀರಿಯನನ ಆಳ್ವಿಕೆಯಲ್ಲಿ, ಕಾರ್ಥೇಜಿನಲ್ಲಿಯೇ ಕತ್ತಿಗೆ ತಲೆಯೊಡ್ಡಿದನು.

ಕಾಲದ ಅಳತೆ ಮಾತ್ರ ಅಳಿಯಲಿಲ್ಲ. ೩೨೫ರ ನೈಸಿಯ ಪರಿಷತ್ತು, ಲಿಸಿನಿಯಸನ ಕಾಲದಲ್ಲಿ ಬಲಾತ್ಕಾರವಿಲ್ಲದೆಯೇ ಬಿದ್ದವರಿಗೆ ೧೨ ವರ್ಷಗಳ ಕ್ರಮವನ್ನು ವಿಧಿಸಿತು: ಮೂರು ವರ್ಷ ಕೇಳುವವರ ಸಾಲಿನಲ್ಲಿ, ಏಳು ವರ್ಷ ಅಡ್ಡಬೀಳುವವರ ಸಾಲಿನಲ್ಲಿ, ಎರಡು ವರ್ಷ ಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಿ. ನೊವಾಷಿಯನನ ಪಂಥದ ಪಾದ್ರಿಗಳು ಪತಿತರೊಡನೆ ಪಂಕ್ತಿಯಲ್ಲಿ ಕೂಡಲು ಒಪ್ಪಿದರೆ ಅವರಿಗೂ ಬಾಗಿಲು ತೆರೆಯಿತು. ಆ ಪಂಥದ ಬಿಷಪ್ ಅಸೀಸಿಯಸನು ಒಪ್ಪಲಿಲ್ಲ. ಕಾರಣವನ್ನು ಕೇಳಿ ತಿಳಿದ ಚಕ್ರವರ್ತಿ ಕಾನ್‌ಸ್ಟಂಟೈನನು, ಹಾಗಾದರೆ ಏಣಿಯೊಂದನ್ನು ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತಿಕೋ ಎಂಬರ್ಥದ ಮಾತನ್ನಾಡಿದನಂತೆ. ಐದನೆಯ ಶತಮಾನದ ಇತಿಹಾಸಕಾರ ಸಾಕ್ರಟೀಸನು ಈ ಪರಿಹಾಸ್ಯವನ್ನು ದಾಖಲಿಸಿದ್ದಾನೆ. ಅವನಿಗೆ ಇದನ್ನು ಹೇಳಿದವನು ಅಸೀಸಿಯಸನೊಡನೆ ಪರಿಷತ್ತಿಗೆ ಹೋಗಿದ್ದ, ಅದೇ ಪಂಥದ ಒಬ್ಬ ವೃದ್ಧ ಪಾದ್ರಿ.