ಮೂವತ್ತೆರಡೂವರೆ ಪೌಂಡಿನ ಪರದೇಶ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಆದರೆ ಪರದೇಶ ಸುತ್ತಲು ಮೊದಲು ಬೇಕಾದದ್ದು ಇನ್ನೊಂದು ಬಗೆಯ ಕೋಶ, ಅಂದರೆ ಹಣದ ಚೀಲ. ವಿಮಾನಕ್ಕೆಷ್ಟು, ಹೋಟೆಲಿಗೆಷ್ಟು, ಊಟಕ್ಕೆಷ್ಟು ಎಂದು ಲೆಕ್ಕ ಹಾಕಲು ಕುಳಿತವರ ಉತ್ಸಾಹ ಅರ್ಧಕ್ಕೇ ಇಳಿದುಹೋಗುವುದುಂಟು. ಈ ಮೂರನ್ನೂ ಒಂದೇ ಬೆಲೆಯಲ್ಲಿ ಗಂಟುಕಟ್ಟಿ ಕೊಡುವ ‘ಪ್ಯಾಕೇಜ್ ಟೂರ್’ ಈಗ ನಮ್ಮ ಜಿಲ್ಲಾ ಕೇಂದ್ರಗಳ ಟ್ರಾವೆಲ್ ಏಜೆನ್ಸಿ ಫಲಕಗಳಲ್ಲೂ ಕಾಣುತ್ತದೆ. ಸಾಮಾನ್ಯ ಸಂಬಳದಾರನನ್ನು ವಿಮಾನ ಹತ್ತಿಸಿದ ಈ ಏರ್ಪಾಡು ಹುಟ್ಟಿದ್ದು ಹೇಗೆ?

ಅದರ ಮೂಲ ಇರುವುದು ರೈಲಿನಲ್ಲಿ. 1841ರ ಜುಲೈ 5ರಂದು ಇಂಗ್ಲೆಂಡಿನ ಪಾನನಿರೋಧ ಪ್ರಚಾರಕ ಥಾಮಸ್ ಕುಕ್ ಅವರು ಲೆಸ್ಟರ್‌ನಿಂದ ಲಫ್‌ಬರೋ ಪಟ್ಟಣದ ಸಭೆಯೊಂದಕ್ಕೆ ಸುಮಾರು 500 ಜನರನ್ನು ತಲಾ ಒಂದು ಶಿಲಿಂಗ್ ದರದಲ್ಲಿ ಕರೆದೊಯ್ದರು. ಜನರನ್ನು ಗುಂಪಾಗಿ ಕರೆತಂದರೆ ರೈಲ್ವೆ ಕಂಪನಿ ದರ ಇಳಿಸುತ್ತದೆ ಎಂಬ ಸರಳ ಸತ್ಯ ಅವರಿಗೆ ಹೊಳೆದಿತ್ತು. 1855ರ ಹೊತ್ತಿಗೆ ಅವರ ಪ್ರವಾಸಗಳು ಸಮುದ್ರ ದಾಟಿ ಯುರೋಪಿಗೂ ಹೊರಟವು. ಆದರೂ ಮುಂದಿನ ನೂರು ವರ್ಷ ಪರದೇಶದ ರಜೆ ಬಹುಮಟ್ಟಿಗೆ ಅನುಕೂಲಸ್ಥರ ಸೊತ್ತಾಗಿಯೇ ಉಳಿಯಿತು. ದುಡಿಯುವವರಿಗೆ ಹಣದಷ್ಟೇ ಬಿಡುವಿನ ಅಭಾವವೂ ಇತ್ತು. ಸಂಬಳ ಸಹಿತ ರಜೆಯ ಕಾಯ್ದೆ ಬ್ರಿಟನ್ನಿನಲ್ಲಿ ಬಂದದ್ದೇ 1938ರಲ್ಲಿ. ಮರುವರ್ಷವೇ ಯುದ್ಧ!

ಯುದ್ಧ ಮುಗಿದ ಮೇಲೂ ಬ್ರಿಟನ್ನಿನಲ್ಲಿ ಮಾಂಸಕ್ಕೆ ರೇಷನ್ ತಪ್ಪಲಿಲ್ಲ. ಹೊರಗೆ ಹೋಗುವವರು ಒಯ್ಯಬಹುದಾದ ಹಣಕ್ಕೂ ಸರ್ಕಾರದ ಮಿತಿ ಇತ್ತು. ಇಂಥ ಕಾಲದಲ್ಲಿ, 1949ರಲ್ಲಿ, ರಾಯಿಟರ್ಸ್ ಸುದ್ದಿಸಂಸ್ಥೆಯಲ್ಲಿದ್ದ ವ್ಲಾದಿಮಿರ್ ರೈಟ್ಸ್ ಎಂಬ ತರುಣ ಫ್ರಾನ್ಸಿನ ಕಾರ್ಸಿಕಾ ದ್ವೀಪಕ್ಕೆ ರಜೆಗೆಂದು ಹೋದರು. ಅಲ್ಲಿನ ಕಾಲ್ವಿ ಎಂಬ ಊರಿನ ಕಡಲತೀರ ಅವರ ಮನಸ್ಸು ಸೆಳೆಯಿತು. ಹತ್ತಿರದಲ್ಲೇ ಯುದ್ಧಕಾಲದ ವಿಮಾನ ಇಳಿದಾಣವೂ ಇತ್ತು. ಲಂಡನ್ನಿಗೆ ಮರಳಿದವರೇ ‘ಹೊರೈಜನ್’ ಎಂಬ ಕಂಪನಿ ತೆರೆದರು.

ಸೀಟು ತುಂಬಿದರೆ ಅಗ್ಗ

ಅವರ ಲೆಕ್ಕಾಚಾರ ಇಷ್ಟೇ. ವೇಳಾಪಟ್ಟಿಯಂತೆ ಹಾರುವ ವಿಮಾನದಲ್ಲಿ ಖಾಲಿ ಉಳಿಯುವ ಸೀಟುಗಳ ಖರ್ಚು ಉಳಿದವರ ಟಿಕೆಟಿನ ಮೇಲೆ ಬೀಳುತ್ತದೆ. ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು, ಎಲ್ಲ ಸೀಟುಗಳನ್ನೂ ಮೊದಲೇ ಮಾರಿಬಿಟ್ಟರೆ? ಹೊಸ ತಂಡವನ್ನು ಇಳಿಸಿದ ವಿಮಾನವೇ ರಜೆ ಮುಗಿಸಿದ ಹಳೆಯ ತಂಡವನ್ನು ಹತ್ತಿಸಿಕೊಂಡು ಬಂದರೆ? ಆಗ ಲಂಡನ್ನಿನಿಂದ ನೀಸ್ ನಗರಕ್ಕೆ ವಿಮಾನದ ದರವೇ ಸುಮಾರು 70 ಪೌಂಡ್. ರೈಟ್ಸ್ ಅವರು ವಿಮಾನ, ವಸತಿ, ಊಟ ಎಲ್ಲ ಸೇರಿಸಿ ಎರಡು ವಾರಕ್ಕೆ ಕೇಳಿದ್ದು 32 ಪೌಂಡ್ 10 ಶಿಲಿಂಗ್. ಕಾರ್ಖಾನೆ ಕಾರ್ಮಿಕನೊಬ್ಬನ ಸುಮಾರು ಒಂದು ತಿಂಗಳ ದುಡಿಮೆ ಅದು. ವಾಸ ಡೇರೆಗಳಲ್ಲಿ. ಆದರೆ ಊರಿನಲ್ಲಿ ರೇಷನ್ ಕಂಡವರಿಗೆ ಇಲ್ಲಿ ದಿನಕ್ಕೆರಡು ಹೊತ್ತು ಮಾಂಸದೂಟ!

ಸರ್ಕಾರಿ ವಿಮಾನ ಕಂಪನಿಗೆ ಪೈಪೋಟಿಯಾದೀತೆಂದು ಅನುಮತಿ ಸುಲಭವಾಗಿ ಸಿಗಲಿಲ್ಲ. ಕೊನೆಗೆ, ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಮಾತ್ರ ಒಯ್ಯಬೇಕೆಂಬ ಷರತ್ತಿನ ಮೇಲೆ ಪರವಾನಗಿ ಬಂತು. 1950ರ ಮೇ ತಿಂಗಳಲ್ಲಿ ಡಕೋಟಾ ವಿಮಾನವೊಂದು ಕಾಲ್ವಿಗೆ ಹಾರಿತು. ಅಗ್ಗದ ವಿಮಾನ ಪ್ರವಾಸಕ್ಕೆ ಅದೇ ನಾಂದಿಯಾಯಿತು.

ಇದರ ದೊಡ್ಡ ಫಲ ಉಂಡದ್ದು ಸ್ಪೇನ್. ಬೆನಿಡಾರ್ಮ್ ಎಂಬ ಬೆಸ್ತರ ಊರಿನ ಮೇಯರ್ ಪೆದ್ರೊ ಸರಗೋಸಾ ಕಡಲತೀರದಲ್ಲಿ ಬಿಕಿನಿಗೆ ಅವಕಾಶ ಕೊಟ್ಟು ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದರು. ಸರ್ವಾಧಿಕಾರಿ ಫ್ರಾಂಕೊ ಅವರ ಬೆಂಬಲ ಕೇಳಲು ಮ್ಯಾಡ್ರಿಡ್‌ವರೆಗೆ ಸ್ಕೂಟರಿನಲ್ಲೇ ಹೋದರೆಂಬ ಕಥೆ ಇಂದಿಗೂ ಜನಜನಿತ. 1959ರಲ್ಲಿ ಸ್ಪೇನ್ ತನ್ನ ಹಣದ ಬೆಲೆ ಇಳಿಸಿದ ಮೇಲೆ ಹೊರಗಿನವರಿಗೆ ಅಲ್ಲಿ ಎಲ್ಲವೂ ಮತ್ತಷ್ಟು ಅಗ್ಗವಾಯಿತು. 1960ರಲ್ಲಿ ಸುಮಾರು 60 ಲಕ್ಷವಿದ್ದ ವಿದೇಶಿ ಪ್ರವಾಸಿಗರು 1973ರ ವೇಳೆಗೆ 3 ಕೋಟಿ ಮೀರಿದರು. ಬಲೆ ಒಣಗುತ್ತಿದ್ದ ದಡದಲ್ಲಿ ಗಗನಚುಂಬಿ ಹೋಟೆಲುಗಳೆದ್ದವು.

ಮುಂಗಡದ ಅಪಾಯ

ಆದರೆ ಈ ವ್ಯಾಪಾರದ ಬುನಾದಿ ಗಿರಾಕಿಯ ಮುಂಗಡ ಹಣ. ಪೈಪೋಟಿಗೆ ಬಿದ್ದು ಬೆಲೆ ಇಳಿಸಿದಷ್ಟೂ ಕಂಪನಿಗೆ ಉಳಿಯುವ ಲಾಭ ತೆಳುವಾಗುತ್ತದೆ. 1973ರ ತೈಲ ಬಿಕ್ಕಟ್ಟು ಆ ತೆಳು ಲಾಭವನ್ನೂ ನುಂಗಿತು. ಅಷ್ಟರಲ್ಲಿ ಹೊರೈಜನ್ ಕೋರ್ಟ್ ಲೈನ್ ಎಂಬ ಸಂಸ್ಥೆಯ ಕೈಸೇರಿತ್ತು. 1974ರ ಆಗಸ್ಟ್‌ನಲ್ಲಿ ಕೋರ್ಟ್ ಲೈನ್ ದಿವಾಳಿಯೆದ್ದಾಗ ಹತ್ತಾರು ಸಾವಿರ ಮಂದಿ ಪರದೇಶದಲ್ಲಿ ಅತಂತ್ರರಾದರು. ಇನ್ನೂ ಹೊರಡದವರು ವರ್ಷವಿಡೀ ಕೂಡಿಟ್ಟು ಕಟ್ಟಿದ ಹಣ ಅಪಾಯಕ್ಕೆ ಸಿಲುಕಿತು. ಮರುವರ್ಷ ಬ್ರಿಟನ್ ಪ್ರವಾಸಿಗರ ರಕ್ಷಣೆಗೆಂದೇ ಕಾನೂನಿನ ಮೂಲಕ ನಿಧಿಯೊಂದನ್ನು ಸ್ಥಾಪಿಸಿತು.

ಆ ಎಚ್ಚರ ಎಷ್ಟು ಅಗತ್ಯವಾಗಿತ್ತೆಂಬುದು 2019ರ ಸೆಪ್ಟೆಂಬರ್‌ನಲ್ಲಿ ಮತ್ತೆ ಸಾಬೀತಾಯಿತು. ಕುಕ್ ಅವರ ಹೆಸರಿನ ಬ್ರಿಟಿಷ್ ಕಂಪನಿಯೇ ಮುಳುಗಿತು. ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಮನೆಗೆ ತಲುಪಿಸುವ ಹೊಣೆಯನ್ನು ಸರ್ಕಾರ ಹೊತ್ತಿತು. (2012ರಲ್ಲೇ ಬೇರೆ ಒಡೆತನಕ್ಕೆ ಹೋಗಿದ್ದ ಭಾರತದ ಥಾಮಸ್ ಕುಕ್ ಸಂಸ್ಥೆಗೆ ಈ ದಿವಾಳಿ ತಟ್ಟಲಿಲ್ಲ.)

ಅಗ್ಗದ ಇನ್ನೊಂದು ಬೆಲೆ ತೆತ್ತವರು ಸ್ಥಳೀಯರು. 2024ರಲ್ಲಿ ಸ್ಪೇನಿಗೆ 9 ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ಅದೇ ವರ್ಷ ಬಾರ್ಸಿಲೋನಾ, ಪಾಲ್ಮಾ, ಕೆನರಿ ದ್ವೀಪಗಳ ಜನ ‘ಮನೆ ಬಾಡಿಗೆ ನಮ್ಮ ಕೈಗೆ ಎಟುಕುತ್ತಿಲ್ಲ’ ಎಂದು ಬೀದಿಗಿಳಿದರು.

ಹಾಗೆಂದು ರೈಟ್ಸ್ ಅವರ ಸಾಧನೆ ಸಣ್ಣದಲ್ಲ. ಶ್ರೀಮಂತರ ಕಡಲನ್ನು ಅವರು ಶಾಲಾ ಶಿಕ್ಷಕರಿಗೂ ತೆರೆದರು. ಆದರೆ ಅಗ್ಗದ ಪ್ರವಾಸ ಎಂದರೆ ಖರ್ಚೇ ಇಲ್ಲದ ಪ್ರವಾಸವಲ್ಲ. ಆ ಖರ್ಚನ್ನು ಯಾರ ಯಾರಿಗೆ ಹಂಚಲಾಗಿದೆ ಎಂಬುದೇ ಅಲ್ಲಿನ ಗುಟ್ಟು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತೇವಲ್ಲ, ಪರದೇಶಕ್ಕೆ ಹೊರಟವರು ಇನ್ನೂ ಒಂದು ಮಾತು ಕೇಳಿಕೊಳ್ಳಬೇಕು: ಹಾಸಿಗೆ ಹಾಸಿದವನೇ ನಡುವೆ ಓಡಿಹೋದರೆ ನಮ್ಮ ಹಣಕ್ಕೆ ಹೊಣೆ ಯಾರು?