ಬಾಟಲಿಗೆ ತುಂಬೋಕೆ ಟೈಮ್ ಆಯ್ತಾ? (ಅಳತೆಗಳ ಕಥೆ, ಭಾಗ 4)

ಬಿಯರ್ ಮೇಲಿನ ನೊರೆ ಇಳೀತು ಅಂದ್ರೆ ಹುದುಗೋದು ಮುಗೀತು ಅಂತಲ್ಲ ಕಣ್ರೋ. ಒಳಗೆ ಸಕ್ಕರೆ ಉಳಿದಿದ್ರೆ ಯೀಸ್ಟ್ ಅದನ್ನ ಬಾಟಲಿಯೊಳಗೂ ತಿಂದು ಗ್ಯಾಸ್ ಬಿಡ್ತಾನೇ ಇರುತ್ತೆ. ಮುಚ್ಚಳ ಬಿಗಿಯಾಗಿದ್ರೆ ಗಾಜೇ ಸಿಡಿಯುತ್ತೆ.

ಇದನ್ನ ತಿಳಿಯೋ ಉಪಕರಣ ಹೈಡ್ರೋಮೀಟರ್. ದ್ರವದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಮೇಲೆ ತೇಲುತ್ತೆ, ಖಾಲಿಯಾದ ಹಾಗೆ ಮುಳುಗುತ್ತೆ. ಆದ್ರೆ ಬಿಯರ್ ಮನೆಗೆ ಇದು ಬಂದಿದ್ದೇ ಬೇರೆ ಕಾರಣಕ್ಕೆ. 1770ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೇಮ್ಸ್ ಬ್ಯಾವರ್‌ಸ್ಟಾಕ್ ಇದನ್ನ ಬಳಸಿ ನೋಡಿದ. ಅವನಪ್ಪನಿಗೆ ಹೊಸ ಉಪಕರಣ ಕಂಡ್ರೇ ಆಗ್ತಿರಲಿಲ್ಲ, ಥರ್ಮಾಮೀಟರನ್ನೂ ಬಚ್ಚಿಟ್ಟು ಬಳಸಬೇಕಿತ್ತು! ಲಂಡನ್ನಿನ ದೊಡ್ಡ ಬ್ರೂವರ್ ಸ್ಯಾಮ್ಯುಯೆಲ್ ವಿಟ್‌ಬ್ರೆಡ್‌ಗೆ ತೋರಿಸಿದ್ರೆ ಅವನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 1784ರಲ್ಲಿ ಜಾನ್ ರಿಚರ್ಡ್‌ಸನ್ ಇದರ ಬಗ್ಗೆ ಪುಸ್ತಕವನ್ನೇ ಬರೆದ. ಅವನಿಗೆ ಬೇಕಿದ್ದದ್ದು ಕೊಟ್ಟ ದುಡ್ಡಿಗೆ ಮಾಲ್ಟಿನಿಂದ ಎಷ್ಟು ಸಾರ ಬಂತು ಅನ್ನೋ ಲೆಕ್ಕ. ಅಂದ್ರೆ ನಮ್ಮ ಕಾಸ್ಟ್ ಅಕೌಂಟಿಂಗ್! (ನಾವು ಬೈಕೊಂಡು ಓದೋ ಪೇಪರ್.)

ನೂರು ವರ್ಷದಲ್ಲಿ ಸರ್ಕಾರಕ್ಕೂ ಇದೇ ಅಳತೆ ಬೇಕಾಯ್ತು. 1880ರಲ್ಲಿ ಬ್ರಿಟನ್ ಮಾಲ್ಟ್ ತೆರಿಗೆ ತೆಗೆದು, ಹುದುಗೋಕೆ ಮುಂಚಿನ ಸಾಂದ್ರತೆ ನೋಡಿ ಬಿಯರ್ ಮೇಲೆ ತೆರಿಗೆ ಹಾಕಿತು. ಮನೇಲಿ ಮಾಡೋರಿಗೂ ಲೈಸೆನ್ಸ್ ಕಡ್ಡಾಯ. ಅದು ಹೋಗಿದ್ದು 1963ರಲ್ಲಿ.

ಈಗ ಅಲ್ಲಿ ಮನೇಲಿ ಬಿಯರ್ ಮಾಡೋರು ಇದೇ ಉಪಕರಣ ಇಟ್ಕೊಂಡು ಕಾಯ್ತಾರೆ. ನೀರು 1.000. ಬಿಯರ್ 1.050ರಲ್ಲಿ ಶುರುವಾದ್ರೆ 1.010ರ ಹತ್ತಿರ ನಿಲ್ಲಬಹುದು, ಆದ್ರೆ ನಂಬರ್ ಅಷ್ಟು ಮುಖ್ಯ ಅಲ್ಲ. ಎರಡು ಮೂರು ದಿನ ಅದು ಅಲ್ಲಾಡದೆ ಅಲ್ಲೇ ನಿಂತಿರಬೇಕು, ಆಮೇಲೇ ಬಾಟಲಿ.